ಚಾಪರ್ ಸೈಕಲ್ಲಿಗೆ ಹಿಂದಿನ ಬ್ರೇಕ್: ವಿ-ಬ್ರೇಕ್, ಬ್ಯಾಂಡ್, ಡಿಸ್ಕ್ ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಡಿಸ್ಕಿಗೆ. ಕೇಬಲ್ಲಿನ ಡಿಸ್ಕ್, ಆಯಿಲಿನದ್ದಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಇನ್ನೆರಡು ಬ್ರೇಕಿಗೆ ದುಡ್ಡು ಸುರಿದಾಗಿತ್ತು. ಮಡಿಕೇರಿಯಿಂದ ಅಬ್ಬಿ ಜಲಪಾತಕ್ಕೆ ಹೋಗುವ ರಸ್ತೆಯಲ್ಲಿ ಒಮ್ಮೆ ಚರಂಡಿಗೂ ಇಳಿದಿದ್ದೆ.

ಸೈಕಲ್ಲು ನಾನೇ ಕಟ್ಟಿದ್ದು. ಉದ್ದ ಫೋರ್ಕು, ತಗ್ಗಿನ ಸೀಟು, ಎದೆಮಟ್ಟಕ್ಕೆ ಬರುವ ಹ್ಯಾಂಡಲ್. 250 ವಾಟಿನ ಮೋಟಾರು ಪೆಡಲ್ ಪಕ್ಕ ಕೂತು ಬಲಗಡೆಯ ಚೈನನ್ನೇ ಎಳೆಯುತ್ತದೆ. ಹಾಗಾಗಿ ಹಿಂದಿನ ಚಕ್ರದ ಎಡಗಡೆ ಖಾಲಿ. ಮೊದಲು ಮುಂದಿನ ಬ್ರೇಕ್ ಒಂದೇ ಇತ್ತು, ಸಾಕು ಅಂದುಕೊಂಡಿದ್ದೆ. ಮಾಮೂಲಿ ಸೈಕಲ್ಲಿನಲ್ಲಿ ಬ್ರೇಕ್ ಹಿಡಿದರೆ ನಮ್ಮ ಭಾರ ಮುಂದಕ್ಕೆ ಬಂದು ಮುಂದಿನ ಚಕ್ರ ನೆಲ ಕಚ್ಚುತ್ತದೆ. ಚಾಪರಿನಲ್ಲಿ ನಾವು ಕೂರುವುದೇ ಹಿಂದಿನ ಚಕ್ರದ ಮೇಲೆ, ಗಾಡಿಯೂ ಉದ್ದ. ಭಾರ ಅಷ್ಟು ಮುಂದಕ್ಕೆ ಬರುವುದಿಲ್ಲ. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ತಿರುಗುವುದು ನಿಲ್ಲುತ್ತದೆ, ಸೈಕಲ್ಲು ಮಾತ್ರ ಜಾರುತ್ತಲೇ ಇರುತ್ತದೆ. ನನ್ನ ಚರಂಡಿ ಕಥೆ ಅದೇ.

ವಿ-ಬ್ರೇಕ್ ಅಂದರೆ ಎರಡು ತೋಳು ರಿಮ್ಮನ್ನು ಎರಡೂ ಕಡೆಯಿಂದ ರಬ್ಬರಿನಲ್ಲಿ ಒತ್ತುವ ಬ್ರೇಕ್. ಅಗ್ಗ, ಎಲ್ಲ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಹಿಡಿಯಿತು. ನನ್ನ ರಿಮ್ಮು ಕ್ರೋಮ್ ಹಾಕಿದ ಸ್ಟೀಲಿನದ್ದು. ಜೂನ್ ತಿಂಗಳ ಮೊದಲ ಮಳೆಗೇ ಲಿವರ್ ಒತ್ತಿದರೆ ಒಂದೆರಡು ಸುತ್ತು ಸುಮ್ನೆ ನೀರು ಒರೆಸುವುದೇ ಅದರ ಕೆಲಸವಾಯಿತು. ಬಿಚ್ಚಿಟ್ಟೆ.

ಆಮೇಲೆ ಬ್ಯಾಂಡ್ ಬ್ರೇಕ್. ಚಕ್ರದ ನಡುವಿನ ಹಬ್ಬಿನ ಎಡಗಡೆ ಒಂದು ಡ್ರಮ್, ಅದರ ಹೊರಸುತ್ತಿಗೆ ಒಂದು ಪಟ್ಟಿ. ಲಿವರ್ ಒತ್ತಿದರೆ ಪಟ್ಟಿ ಬಿಗಿಯುತ್ತದೆ. ಎಡಗಡೆ ಮರೆ (ತಿರುಗಿಸಿ ಕೂರಿಸುವ ಥ್ರೆಡ್) ಇರುವ ಹಬ್ ತಂದು ಚಕ್ರಕ್ಕೆ ಹೊಸದಾಗಿ ಕಡ್ಡಿ ಕಟ್ಟಿಸಬೇಕಾಯಿತು. ಇಳಿಜಾರಿನಲ್ಲಿ ಇದರ ಹಿಡಿತ ವಿ-ಬ್ರೇಕಿಗಿಂತ ಎಷ್ಟೋ ವಾಸಿ. ಚಕ್ರ ಮುಂದಕ್ಕೆ ತಿರುಗುವಾಗ ಡ್ರಮ್ಮೇ ಪಟ್ಟಿಯನ್ನು ಇನ್ನಷ್ಟು ಎಳೆದು ಬಿಗಿ ಮಾಡುತ್ತದೆ. ಕೀರಲು ಸದ್ದಿಗೆ ಪಕ್ಕದ ಮನೆ ನಾಯಿ ಗೇಟಿಗೆ ಬರುತ್ತಿತ್ತು, ಅದು ಬೇರೆ ಮಾತು. ತೊಂದರೆ ಇರುವುದು ಏರಿನಲ್ಲಿ. ಶುಕ್ರವಾರ ಸಂತೆ ಮುಗಿಸಿ, ಹಿಂದೆ ಹತ್ತು ಕೆಜಿ ಸಾಮಾನು ಕಟ್ಟಿಕೊಂಡು ಬರುತ್ತಿದ್ದೆ. ಮುಂದಿನ ಟೂರಿಸ್ಟ್ ಜೀಪು ಏರಿನ ಮಧ್ಯೆ ನಿಂತಿತು. ನಾನೂ ಬ್ರೇಕ್ ಹಿಡಿದು ನಿಂತೆ. ಸೈಕಲ್ಲು ಮೆಲ್ಲಗೆ ಹಿಂದಕ್ಕೆ ಹೊರಟಿತು! ಮುಂದಕ್ಕೆ ಬಿಗಿಯುವ ಪಟ್ಟಿ ಹಿಂದಕ್ಕೆ ಸಡಿಲಾಗುತ್ತದೆ ಅಂತ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಎರಡೂ ಕಾಲು ಊರಿ ನಿಂತೆ. ನೀವು ಕುಶಾಲನಗರದ ಕಡೆ ಸಪಾಟು ರಸ್ತೆಯಲ್ಲಿ ಓಡಿಸುವವರಾದರೆ ಇದೇ ಸಾಕು. ನಮ್ಮ ಕಡೆಗೆ ಆಗದು.

ಕೊನೆಗೆ ಡಿಸ್ಕ್. ಹಬ್ ಮತ್ತೆ ಬದಲಿಸಲಿಲ್ಲ. ಡ್ರಮ್ ಬಿಚ್ಚಿ ಅದೇ ಮರೆಗೆ ಆರು ತೂತಿನ ಅಡಾಪ್ಟರ್ ತಿರುಗಿಸಿ, 160 ಮಿ.ಮೀ. ರೋಟರ್, ಅಂದರೆ ಡಿಸ್ಕಿನ ತಟ್ಟೆ, ಕೂರಿಸಿದೆ. ಬ್ರೇಕ್ ಹಿಡಿದಷ್ಟೂ ಅದು ಬಿಗಿಯಾಗುವ ದಿಕ್ಕಿಗೇ ಮರೆ ಇದೆ, ಬಿಚ್ಚಿಕೊಳ್ಳುವ ಭಯವಿಲ್ಲ. ಪ್ಯಾಡಿನಿಂದ ರೋಟರನ್ನು ಹಿಡಿಯುವ ಕ್ಯಾಲಿಪರ್ ಕೂರಲು ಫ್ರೇಮಿಗೆ ಒಂದು ಪಟ್ಟಿ ವೆಲ್ಡ್ ಮಾಡಿಸಬೇಕು. ಕ್ಯಾಲಿಪರನ್ನು ರೋಟರಿಗೆ ಕಚ್ಚಿಸಿ, ಬಿಡದ ಹಾಗೆ ಕಟ್ಟಿ, ಆಮೇಲೆ ಟಾಕ್ (ಚುಕ್ಕಿ ವೆಲ್ಡ್) ಹಾಕಿಸಿ. ಕಣ್ಣಳತೆಯಲ್ಲಿ ಮಾಡಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ, ಕಂಟ್ರೋಲರ್ ಎರಡರ ಕನೆಕ್ಷನ್ನೂ ತೆಗೆಯಿರಿ.

ಇಷ್ಟೆಲ್ಲ ಅರ್ಧ ದಿನದ ಕೆಲಸ. ಮೂರು ವಾರ ತಿಂದಿದ್ದು ಒಂದು ವೈರು.

ಎದೆಮಟ್ಟದ ಹ್ಯಾಂಡಲಿನಿಂದ ಹಿಂದಿನ ಆ್ಯಕ್ಸಲ್ ತನಕ ಟೇಪ್ ಹಿಡಿದರೆ 2 ಮೀಟರ್ 40 ಸೆಂ.ಮೀ. ಅಂಗಡಿಯಲ್ಲಿ ಸಿಗುವ ಹಿಂದಿನ ಬ್ರೇಕ್ ವೈರು ಎರಡು ಮೀಟರೂ ಇಲ್ಲ. ವಿ-ಬ್ರೇಕಿಗೂ ಬ್ಯಾಂಡಿಗೂ ಲಿವರನ್ನು ಸೀಟಿನ ಕೆಳಗೆ ಕಟ್ಟಿ ಹೇಗೋ ದೂಡಿದ್ದೆ. ಈ ಸಲ ಕೈಗೆ ಸಿಗುವ ಕಡೆಯೇ ಇರಲಿ ಅಂತ ಹಟ ಮಾಡಿದೆ.

ಮೊದಲು ಎರಡು ವೈರನ್ನು ಸ್ಕ್ರೂ ಕ್ಲಾಂಪಿನಲ್ಲಿ ಜೋಡಿಸಿದೆ. ಮನೆ ಅಂಗಳದಲ್ಲಿ ಗಟ್ಟಿಯಾಗೇ ಇತ್ತು. ರಸ್ತೆಗಿಳಿದು ಮೂರನೇ ಸಲ ಜೋರಾಗಿ ಒತ್ತಿದಾಗ ಲಿವರ್ ಹ್ಯಾಂಡಲಿಗೆ ಬಂದು ತಾಗಿತು. ಏರುದಾರಿಯಲ್ಲಿದ್ದೆ, ಬಚಾವ್. ದಯವಿಟ್ಟು ಬ್ರೇಕ್ ವೈರನ್ನು ಜೋಡಿಸಬೇಡಿ.

ಆಮೇಲೆ ಆಟೋದ ಕ್ಲಚ್ ವೈರು ತಂದೆ, ಉದ್ದ ಬೇಕಾದಷ್ಟಿತ್ತು. ಆದರೆ ದಪ್ಪ. ಸೈಕಲ್ಲಿನ ಔಟರಿನೊಳಗೆ, ಅಂದರೆ ವೈರಿನ ಹೊರಗವಸಿನೊಳಗೆ, ನುಗ್ಗಲಿಲ್ಲ, ಅದರ ತುದಿಯ ಗುಂಡು ನಿಪ್ಪಲ್ ನನ್ನ ಲಿವರಿನಲ್ಲಿ ಕೂರಲೂ ಇಲ್ಲ. ವೆಲ್ಡಿಂಗಿನವನು ನೋಡಿ, "ಮಾರಾಯ, ಇಷ್ಟು ಕಷ್ಟಪಡುವ ಬದಲು ಹ್ಯಾಂಡಲ್ ಕತ್ತರಿಸು" ಅಂದ. ಹ್ಯಾಂಡಲ್ ಕತ್ತರಿಸಿದರೆ ಅದನ್ನು ಚಾಪರ್ ಅಂತಾರಾ?

ಕೊನೆಗೆ ಸಿಕ್ಕಿದ್ದು ಟ್ಯಾಂಡೆಮ್ ವೈರು. ಇಬ್ಬರು ತುಳಿಯುವ ಸೈಕಲ್ಲಿಗೆಂದು ಮಾಡುವುದರಿಂದ ಮೂರು ಮೀಟರಿಗೂ ಮೇಲೆ ಬರುತ್ತದೆ. ಆನ್‌ಲೈನಿನಲ್ಲಿ ತರಿಸಿದೆ. ಅದನ್ನು ಹಾಕಿದ ಮೇಲೂ ಲಿವರ್ ಸ್ಪಂಜಿನ ಹಾಗೆ ಮೆತ್ತಗೆ. ಅಷ್ಟುದ್ದದ ಔಟರ್ ಒತ್ತಿದಾಗೆಲ್ಲ ಕುಗ್ಗುತ್ತಿತ್ತು. ಫ್ರೇಮಿನ ಮೇಲಿನ ಪೈಪಿಗೆ ಎರಡು ನಟ್ ವೆಲ್ಡ್ ಮಾಡಿಸಿದೆ. ಔಟರ್ ಮೊದಲನೇ ನಟ್ಟಿಗೆ ಬಂದು ನಿಲ್ಲುತ್ತದೆ, ನಡುವೆ ಬರಿ ವೈರು ನೆಟ್ಟಗೆ ಓಡುತ್ತದೆ, ಎರಡನೇ ನಟ್ಟಿನಿಂದ ಮತ್ತೆ ಔಟರ್ ಶುರು. ಲಿವರ್ ಗಟ್ಟಿಯಾಯಿತು. ಇನ್ನೊಂದು ಮಾತು, ಗೇರಿನ ಔಟರ್ ಮಿಕ್ಕಿದೆ ಅಂತ ಬ್ರೇಕಿಗೆ ಹಾಕಬೇಡಿ. ಅದರ ಒಳಗಿನ ತಂತಿಗಳು ಉದ್ದಕ್ಕೆ ಇರುತ್ತವೆ, ಬ್ರೇಕಿನ ಒತ್ತಡಕ್ಕೆ ಸಿಡಿದು ಹೊರಗೆ ಬರುತ್ತವೆ.

ಡಿಸ್ಕಿಗೆ ವೆಲ್ಡಿಂಗ್ ಸೇರಿ ನನಗೆ ಬಿದ್ದಿದ್ದು 2,600 ರೂಪಾಯಿ. ವಿ-ಬ್ರೇಕ್ 350ಕ್ಕೇ ಬಂದಿತ್ತು. ಆಯಿಲ್ ಡಿಸ್ಕ್ ಇನ್ನೂ ಚೆನ್ನಾಗಿರುತ್ತದೆ, ಗೊತ್ತು. ಆದರೆ ಅದಕ್ಕೂ ಇಷ್ಟುದ್ದದ ಹೋಸ್ ಬೇಕು, ಗಾಳಿ ಸೇರಿದರೆ ಬ್ಲೀಡ್ ಮಾಡಿ ಅದನ್ನು ಹೊರಗೆ ತೆಗೆಯಬೇಕು. ನನ್ನ ಹತ್ತಿರ ಇರುವುದು ಎರಡು ಸ್ಪ್ಯಾನರು, ಒಂದು ಅಲೆನ್ ಕೀ ಸೆಟ್ಟು. ಚೈನಿಗೆ ಎಣ್ಣೆ ಬಿಡುವಾಗ ಮಾತ್ರ ರೋಟರಿಗೆ ಹಳೇ ಪಂಚೆ ಮುಚ್ಚುತ್ತೇನೆ, ಒಂದು ಹನಿ ಬಿದ್ದರೂ ಪ್ಯಾಡ್ ಕೆಟ್ಟಿತು.

ಈಗ ಸಾಮಾನು ಹೊತ್ತು ಅದೇ ಏರಿನ ಮಧ್ಯೆ ನಿಂತರೂ ಒಂದು ಇಂಚೂ ಹಿಂದೆ ಹೋಗುವುದಿಲ್ಲ. ಹೋದ ಮಳೆಗಾಲದಲ್ಲಿ ಕೆಂಪು ಕೆಸರಿಗೆ ಸಾದಾ ಪ್ಯಾಡ್ ಎರಡೇ ತಿಂಗಳಲ್ಲಿ ಸವೆದುಹೋಗಿತ್ತು. ಈ ಸಲಕ್ಕೆ ಮೆಟಲ್ ಪ್ಯಾಡ್ ಎರಡು ಜೊತೆ ತಂದು ಸೀಟಿನ ಕೆಳಗೆ ಕಟ್ಟಿಟ್ಟಿದ್ದೇನೆ.