ನಲಿಕಲಿ ಮಕ್ಕಳಿಗೆ ಬ್ಲಾಗರ್: ಎರಡು ವರ್ಷ ಬಳಸಿ ನೋಡಿದ ಮೇಲೆ

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ನಲಿಕಲಿ ಅಂದರೆ ಸಣ್ಣ ತರಗತಿಯ ಮಕ್ಕಳು ಒಟ್ಟಿಗೆ ಕೂತು ನಲಿಯುತ್ತಾ ಕಲಿಯುವ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ 27 ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಎರಡು ವರ್ಷದಿಂದ ನಮ್ಮ ಕೋಣೆಗೆ ಒಂದು ಬ್ಲಾಗ್ ಇದೆ, ಗೂಗಲ್‌ನ ಬ್ಲಾಗರ್‌ನಲ್ಲಿ. "ಅಷ್ಟು ಸಣ್ಣ ಹುಡುಗರಿಗೆ ಬ್ಲಾಗ್ ಯಾಕ್ರೀ?" ಅಂತ ಬೇರೆ ಶಾಲೆಯ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಒಟ್ಟಿಗೆ ಇಲ್ಲೇ ಹೇಳಿಬಿಡುತ್ತೇನೆ.

ಶುರು ಮಾಡಿದ್ದು ಗುಳೆಯ ಕಾರಣಕ್ಕೆ. ಸುಗ್ಗಿ ಮುಗಿದರೆ ನಮ್ಮ ಕಡೆ ಕೆಲಸ ಕಡಿಮೆ. ಅಪ್ಪ ಅವ್ವ ಬೆಂಗಳೂರಿಗೋ ಗೋವಾಕ್ಕೋ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳು ಅಜ್ಜಿ ಹತ್ತಿರ ಉಳಿಯುತ್ತಾರೆ. ಮತ್ತೆ ಎಲ್ಲರೂ ಸೇರುವುದು ಉಗಾದಿಗೆ, ಇಲ್ಲಾ ಮೊಹರಂ ಅಲಾಯಿಗೆ. ಆ ವರ್ಷ ನನ್ನ 11 ಮಕ್ಕಳ ಮನೆಯಲ್ಲಿ ತಂದೆ ತಾಯಿ ಇಬ್ಬರೂ ಇರಲಿಲ್ಲ. ಅವರಲ್ಲಿ ಒಂದನೇ ತರಗತಿಯ ಒಬ್ಬ ಹುಡುಗಿ ಸ್ಲೇಟಿನ ಮೇಲೆ ಮೊದಲ ಸಲ "ಅವ್ವ" ಅಂತ ಬರೆದಳು. ಅಳಿಸಲು ಬಿಡಲಿಲ್ಲ. ಹಾಗೇ ಚೀಲದಲ್ಲಿಟ್ಟು ಮನೆಗೆ ಒಯ್ದಳು. ಮರುದಿನ ನೋಡಿದರೆ ಅಕ್ಷರ ಉಜ್ಜಿ ಹೋಗಿತ್ತು. "ಅವ್ವಗ ತೋರಸೋದಿತ್ರಿ ಅಕ್ಕೋರೆ" ಅಂತ ಅತ್ತಳು. ಮತ್ತೊಮ್ಮೆ ಬರೆಸಿ ಫೋಟೊ ತೆಗೆದುಕೊಂಡೆ. ನಮ್ಮ ಬ್ಲಾಗಿನ ಮೊದಲ ಫೋಟೊ ಅದೇ.

ವಾಟ್ಸಾಪ್ ಸಾಕಿತ್ತಲ್ವಾ ಅಂತ ಕೇಳಬಹುದು. ಮೊದಲು ಅದನ್ನೇ ಮಾಡಿದೆ. ಮಗುವಿನ ಚಿತ್ರ ಹಾಕಿದ ಅರ್ಧ ಗಂಟೆಗೆ ಶುಭೋದಯದ ಹೂವು, ಜಾತ್ರೆ ವಿಡಿಯೊ ಬಂದು ಅದು ಮುಚ್ಚಿಹೋಗುತ್ತದೆ. ಒಂದು ತಿಂಗಳ ಮೇಲೆ ಹುಡುಕಿದರೆ ಸಿಗಲ್ಲ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಒಂದು ಆ್ಯಪ್ ಕೂಡ ನೋಡಿದೆ, ಹೆಸರು ಬೇಡ. ಬಣ್ಣ, ಹಾಡು, ಮುಟ್ಟಿದರೆ ನಕ್ಷತ್ರ. ಮಕ್ಕಳು ಸುಮ್ನೆ ನೋಡುತ್ತಾ ಕೂತರು. ತಮ್ಮದು ಅಂತ ಒಂದು ಸಾಲೂ ಹೇಳಲಿಲ್ಲ.

ಬ್ಲಾಗರ್ ಹಳೆಯ ಸೇವೆ. 1999ರಲ್ಲಿ ಶುರುವಾಯಿತು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ದುಡ್ಡಿಲ್ಲ. ಜಿಮೇಲ್ ಖಾತೆ ಇದ್ದರೆ ಸಾಕು, ಫೋನಿನಲ್ಲೇ ಎಲ್ಲ ಮಾಡಬಹುದು. ಖಾತೆಯ ಜೊತೆ ಉಚಿತವಾಗಿ ಬರುವ 15 ಜಿಬಿ ಜಾಗದಲ್ಲಿ ನಮ್ಮ ಫೋಟೊ ಹಿಡಿದಿರುವುದು ಅಷ್ಟಿಷ್ಟೇ.

ನಮ್ಮ ವಾರ ಹೀಗೆ ನಡೆಯುತ್ತದೆ. ತಟ್ಟೆ ಕೆಲಸ, ಅಂದರೆ ನಲಿಕಲಿಯ ಗುಂಪು ಕಲಿಕೆ, ಮುಗಿದ ಮೇಲೆ ದಿನಕ್ಕೆ ಐದಾರು ಮಕ್ಕಳು ಪಾಳಿ ಪ್ರಕಾರ ಹಾಳೆಯ ಮೇಲೆ ಚಿತ್ರ ಬರೆಯುತ್ತಾರೆ. ಮೂರನೇ ತರಗತಿಯವರು ಕೆಳಗೆ ತಾವೇ ಎರಡು ಸಾಲು ಬರೆಯುತ್ತಾರೆ. ಸಣ್ಣವರು ಬಾಯಲ್ಲಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಶುಕ್ರವಾರ ಮಧ್ಯಾಹ್ನ ಎಲ್ಲವನ್ನೂ ಬ್ಲಾಗಿಗೆ ಹಾಕುವುದು. ಮಕ್ಕಳು ಪರದೆ ನೋಡುವುದು ಅವತ್ತು ಹತ್ತು ನಿಮಿಷ ಮಾತ್ರ.

ಇಲ್ಲಿ ನಾನು ಕಲಿತ ಒಂದು ಮಾತು ಹೇಳಲೇಬೇಕು. ಮೊದಮೊದಲು ಮಕ್ಕಳು ಹೇಳಿದ್ದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹಾಕುತ್ತಿದ್ದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ದಾಸೋಹಕ್ಕೆ ಊರೂರಿಂದ ಜೋಳದ ರೊಟ್ಟಿ ಹೋಗುತ್ತದೆ. ಎರಡನೇ ತರಗತಿಯ ಹುಡುಗ ಒಬ್ಬ ಹೇಳಿದ: "ನಮ್ಮಜ್ಜಿ ಜಾತ್ರಿಗೆ ರೊಟ್ಟಿ ಬಡದಾಳ. ನಾ ಎಳ್ಳು ಹಚ್ಚೀನಿ. ರೊಟ್ಟಿ ಟ್ರ್ಯಾಕ್ಟರ್ ಹತ್ತಿ ಹೋತು." ನಾನು "ನಮ್ಮ ಅಜ್ಜಿ ಜಾತ್ರೆಗೆ ರೊಟ್ಟಿ ಮಾಡಿದ್ದಾರೆ" ಅಂತ ಹಾಕಿ ಓದಿದೆ. ಅವನು ಫೋನು ನೋಡಿದ, ನನ್ನ ಮುಖ ನೋಡಿದ. "ಇದು ನಂದಲ್ರಿ" ಅಂದ. ಅವತ್ತೇ ತಿದ್ದಿದೆ. ಅವನು ಅಂದ ಹಾಗೇ ಹಾಕಿದ ಮೇಲೆ ಬೆರಳಿಟ್ಟು ಓದಿದ. ಟ್ರ್ಯಾಕ್ಟರ್ ಅನ್ನುವ ಒತ್ತಕ್ಷರ ಅವನಿಗೆ ಇನ್ನೂ ಕಲಿಸಿರಲಿಲ್ಲ. ಆದರೂ ತನ್ನ ಮಾತು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು, ಹಾಗಾಗಿ ಓದಲು ಬಂತು. ಈಗ ಸಣ್ಣವರ ಮಾತು ಹೇಗಿದೆಯೋ ಹಾಗೇ ಬರುತ್ತದೆ. ಅದೇ ಮಾತನ್ನು ಪಾಠದಲ್ಲಿ ಹೇಗೆ ಬರೆಯುತ್ತಾರೆ ಅಂತ ಹಲಗೆಯ ಮೇಲೆ ಬೇರೆಯಾಗಿ ತೋರಿಸುತ್ತೇನೆ.

ಬ್ಲಾಗರ್‌ನಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಲೇಬಲ್, ಅಂದರೆ ಪ್ರತಿ ಬರಹಕ್ಕೆ ಅಂಟಿಸುವ ಹೆಸರಿನ ಚೀಟಿ. ಪ್ರತಿ ಮಗುವೂ ಒಂದು ಹಕ್ಕಿಯ ಹೆಸರು ಆರಿಸಿಕೊಂಡಿದೆ: ಗುಬ್ಬಿ, ಗಿಳಿ, ಬೆಳ್ಳಕ್ಕಿ, ನವಿಲು. ಮಗುವಿನ ನಿಜವಾದ ಹೆಸರು ಎಲ್ಲೂ ಇಲ್ಲ. "ಗುಬ್ಬಿ" ಅನ್ನುವ ಲೇಬಲ್ ಒತ್ತಿದರೆ ಆ ಮಗು ಎರಡು ವರ್ಷದಲ್ಲಿ ಬರೆದದ್ದೆಲ್ಲ ಸಾಲಾಗಿ ಬರುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಹೇಳುವುದೂ ಇದನ್ನೇ: ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠ, ಹತ್ತಲಿ. ಪಾಲಕರ ಸಭೆಯಲ್ಲಿ ಪಕ್ಕದ ಮನೆ ಹುಡುಗನ ಜೊತೆ ಹೋಲಿಸುವ ಮಾತೇ ಈಗ ಬರುವುದಿಲ್ಲ. ಜೂನ್ ತಿಂಗಳದ್ದು ತೋರಿಸುತ್ತೇನೆ, ಜನವರಿಯದ್ದು ತೋರಿಸುತ್ತೇನೆ, ಅಷ್ಟೇ.

ಈಗ ಜೋಪಾನದ ವಿಷಯ. ಮೊದಲ ತಿಂಗಳು ನಾನು ಬ್ಲಾಗನ್ನು ಎಲ್ಲರಿಗೂ ತೆರೆದಿಟ್ಟಿದ್ದೆ. ಒಂದು ಮಗುವಿನ ಮುಖ ಕಾಣುವ ಫೋಟೊ ಯಾರೋ ತೆಗೆದು ಊರಿನ ಗುಂಪಿಗೆ ಹಾಕಿದರು. ಅದರ ತಾಯಿ ಶಾಲೆಗೇ ಬಂದು ಕೇಳಿದಳು. ಅವಳು ಕೇಳಿದ್ದು ಸರಿಯಾಗಿತ್ತು. ತಪ್ಪು ನನ್ನದು. ಅವತ್ತಿನಿಂದ ಮುಖದ ಫೋಟೊ ಇಲ್ಲ, ಚಿತ್ರ ಮತ್ತು ಕೈಬರಹ ಮಾತ್ರ. ಸೆಟ್ಟಿಂಗ್ಸ್‌ಗೆ ಹೋಗಿ ನಾವು ಕರೆದವರಷ್ಟೇ ಓದುವ ಹಾಗೆ ಮಾಡಿದ್ದೇನೆ. ಹೀಗೆ 100 ಜನರವರೆಗೆ ಸೇರಿಸಬಹುದು, ನಮಗೆ ಧಾರಾಳ. ಕಾಮೆಂಟ್ ಬಂದರೆ ನಾನು ನೋಡಿ ಒಪ್ಪಿದ ಮೇಲೆ ಕಾಣುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅಂತಿದೆ. ಕಾಯ್ದೆ ಇರಲಿ ಬಿಡಲಿ, ಒಪ್ಪಿಗೆ ಕೇಳಲೇಬೇಕು. ನಾನು ಹಾಳೆಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡಿದ್ದೇನೆ.

ಹೀಗೆ ಬಾಗಿಲು ಹಾಕಿದರೆ ಒಂದು ಕೆಲಸ ಜಾಸ್ತಿ ಆಗುತ್ತದೆ. ಓದುವವರು ತಮ್ಮ ಗೂಗಲ್ ಖಾತೆಯಿಂದಲೇ ಒಳಗೆ ಬರಬೇಕು. ನಮ್ಮ ಪಾಲಕರ ಫೋನಿನಲ್ಲಿ ಖಾತೆ ಇರುತ್ತದೆ, ಯಾವುದು ಅಂತ ಅವರಿಗೆ ಗೊತ್ತಿರುವುದಿಲ್ಲ. ಮೊಬೈಲ್ ಅಂಗಡಿಯ ಹುಡುಗ ತೆರೆದುಕೊಟ್ಟಿರುತ್ತಾನೆ, ಪಾಸ್‌ವರ್ಡ್ ಅವನಿಗೂ ಮರೆತಿರುತ್ತದೆ. ಉಗಾದಿಗೆ ಎಲ್ಲರೂ ಊರಿಗೆ ಬಂದಾಗ ಎಸ್‌ಡಿಎಂಸಿ (ಪಾಲಕರಿರುವ ಶಾಲಾ ಸಮಿತಿ) ಸಭೆ ಕರೆದೆವು. ಒಬ್ಬೊಬ್ಬರ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ದುಂಡನೆಯ ಗುರುತು ಒತ್ತಿ ಇಮೇಲ್ ಬರೆದುಕೊಂಡೆ. ಎರಡು ಮಧ್ಯಾಹ್ನ ಹಿಡಿಯಿತು. 27 ಮನೆಗಳಲ್ಲಿ 19 ಮನೆ ಸೇರಿದವು. ಉಳಿದ ಮಕ್ಕಳ ಪುಟಗಳನ್ನು ತಿಂಗಳಿಗೊಮ್ಮೆ ಪ್ರಿಂಟ್ ತೆಗೆದು ಕೈಗೆ ಕೊಡುತ್ತೇನೆ. ಫೋನಿಲ್ಲ ಅಂತ ಒಂದು ಮಗುವೂ ಹೊರಗೆ ಉಳಿಯಬಾರದು.

ನೆಟ್‌ವರ್ಕ್ ಬಗ್ಗೆ ಏನು ಹೇಳಲಿ, ಕೋಣೆಯೊಳಗೆ ಒಂದು ಕಡ್ಡಿ, ಬೇವಿನ ಮರದ ಕೆಳಗೆ ಎರಡು. ಫೋನಿಗೆ ಹೇಳಿ ಬರೆಸಲೂ ನೋಡಿದೆ. ಮಕ್ಕಳ ಮಾತು ಅದಕ್ಕೆ ಸರಿಯಾಗಿ ತಿಳಿಯಲಿಲ್ಲ. ತಿದ್ದುವುದಕ್ಕಿಂತ ಕೈಯಲ್ಲಿ ಟೈಪ್ ಮಾಡುವುದೇ ಬೇಗ.

ಹೊಸದಾಗಿ ಶುರು ಮಾಡುವ ಟೀಚರ್‌ಗಳಿಗೆ ಒಂದು ಮಾತು. ಒಂದನೇ ತರಗತಿಗೆ ದಸರಾವರೆಗೆ ಇದು ಬೇಡವೇ ಬೇಡ. ಅವರ ಬೆರಳಿಗೆ ಮಣ್ಣು, ಬಳಪ, ಹುಣಸೆ ಬೀಜ ಬೇಕು. ವಾರಕ್ಕೊಮ್ಮೆ ಒಂದೂವರೆ ಗಂಟೆ ಕೊಡಲು ಆಗದವರೂ ಕೈ ಹಾಕಬೇಡಿ. ಮಗು ಶುಕ್ರವಾರಕ್ಕೆ ಕಾಯುತ್ತದೆ, ನಡುವೆ ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತದೆ. ಇದಿಷ್ಟಕ್ಕೆ ಒಪ್ಪುವವರಿಗೆ ನಾನು 5ಕ್ಕೆ ನಾಲ್ಕೂವರೆ ಅಂಕ ಕೊಟ್ಟು ಧೈರ್ಯವಾಗಿ ಹೇಳುತ್ತೇನೆ, ಮಾಡಿ.

ಸ್ಲೇಟಿನ ಹುಡುಗಿ ಈಗ ಮೂರನೇ ತರಗತಿ. ಅವಳ ಹಕ್ಕಿ ಬೆಳ್ಳಕ್ಕಿ. ಹೋದ ಮೊಹರಂಗೆ ಅವಳ ಅವ್ವ ಊರಿಗೆ ಬಂದಾಗ ಶಾಲೆಗೂ ಬಂದಳು. ಅವಳಿಗೆ ಓದಲು ಬರುವುದಿಲ್ಲ. ಇಬ್ಬರೂ ಶಾಲೆಯ ಕಟ್ಟೆಯ ಮೇಲೆ ಕೂತರು. ಹುಡುಗಿ ಬೆಳ್ಳಕ್ಕಿ ಲೇಬಲ್ ಒತ್ತಿ, ಕೆಳಗಿನ ತನಕ ಸರಿಸಿ, ಸ್ಲೇಟಿನ ಫೋಟೊದಿಂದ ಓದಲು ಶುರು ಮಾಡಿದಳು. ಗಂಟೆ ಹೊಡೆಯುವ ಹೊತ್ತಾಗಿತ್ತು. ಅವರು ಮುಗಿಸಲಿ ಅಂತ ನಾನು ಸ್ವಲ್ಪ ತಡವಾಗಿ ಹೊಡೆದೆ.