ಲಿಬ್‌ಇವೆಂಟ್, ಲಿಬ್‌ಇವಿ, ಲಿಬ್‌ಯುವಿ: ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಲು ಯಾವುದು ವಾಸಿ?

ಒಂದೇ ಪ್ರೋಗ್ರಾಂ ನೂರಾರು ನೆಟ್‌ವರ್ಕ್ ಕನೆಕ್ಷನ್‌ಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು ಅಂದರೆ, ಸಿ ಭಾಷೆಯಲ್ಲಿ ಬರೆಯುವವರ ಮುಂದೆ ಮೂರು ಲೈಬ್ರರಿಗಳ ಹೆಸರು ಬಂದೇ ಬರುತ್ತವೆ: ಲಿಬ್‌ಇವೆಂಟ್, ಲಿಬ್‌ಇವಿ, ಲಿಬ್‌ಯುವಿ. ಮೂರರ ಮೂಲ ಕೆಲಸ ಒಂದೇ. ಯಾವ ಸಾಕೆಟ್‌ಗೆ (ಅಂದರೆ ಕನೆಕ್ಷನ್‌ನ ನಮ್ಮ ಕಡೆಯ ತುದಿಗೆ) ಡೇಟಾ ಬಂದಿದೆ ಅಂತ ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆಂದೇ ಇರುವ ಇಪೋಲ್ ಹತ್ತಿರ ಕೇಳಿ ತಿಳಿದು, ಅದಕ್ಕೆ ನಾವು ಬರೆದಿಟ್ಟ ಫಂಕ್ಷನ್ ಕರೆಯುವುದು. ಇವುಗಳಲ್ಲಿ ಯಾವುದು ವೇಗ ಅನ್ನುವ ಹೋಲಿಕೆ ಬೇಕಾದಷ್ಟು ಇವೆ. ಸೋರ್ಸ್, ಅಂದರೆ ಮೂಲ ಕೋಡ್, ತಂದು ನಾವೇ ಕಂಪೈಲ್ ಮಾಡಿ ಹಾಕಿಕೊಳ್ಳುವಾಗ ಯಾವುದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ನನ್ನ ಪ್ರಕಾರ ದಿನನಿತ್ಯದ ಕೆಲಸಕ್ಕೆ ಅದೇ ಜಾಸ್ತಿ ಮುಖ್ಯ.

ಪ್ಯಾಕೇಜ್ ಮ್ಯಾನೇಜರ್ ಇರುವಾಗ ಸೋರ್ಸ್ ಯಾಕೆ ಅಂತ ಕೇಳಬಹುದು. ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನಲ್ಲಿ ಸಿಗುವ ಆವೃತ್ತಿ ಸಾಕಾದರೆ ಅದನ್ನೇ ಹಾಕಿಕೊಳ್ಳಿ, ಸುಮ್ನೆ ಕಷ್ಟಪಡಬೇಡಿ. ನನಗೆ ಸಾಕಾಗಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಸರ್ವರ್‌ನಲ್ಲಿ ಇದ್ದದ್ದು ಉಬುಂಟು 20.04. ಅದರ ಜೊತೆ ಬರುವ ಲಿಬ್‌ಯುವಿ 1.34. ಒಂದು ಟೈಮರ್ ಹೊಡೆಯಲು ಇನ್ನೆಷ್ಟು ಹೊತ್ತಿದೆ ಅಂತ ಹೇಳುವ ಫಂಕ್ಷನ್ ನನಗೆ ಬೇಕಿತ್ತು. ಅದು ಸೇರಿದ್ದು 1.40ರಲ್ಲಿ. ಹಾಗಾಗಿ ಸೋರ್ಸ್ ತರಲೇಬೇಕಾಯಿತು. ತಂದ ಮೇಲೆ ಉಳಿದೆರಡನ್ನೂ ಪಕ್ಕದಲ್ಲಿಟ್ಟು ನೋಡೋಣ ಅನಿಸಿತು. ಬಂದದ್ದನ್ನೇ ವಾಪಸ್ ಕಳಿಸುವ ಒಂದು ಚಿಕ್ಕ ಎಕೋ ಸರ್ವರನ್ನು ಮೂರಕ್ಕೂ ಬೇರೆಬೇರೆಯಾಗಿ ಬರೆದು, ಆ ಉಬುಂಟು ಮೆಷಿನ್, ಒಂದು ಫೆಡೋರಾ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ ಅನ್ನುವ ಒಂದು ಚಿಕ್ಕ ಬೋರ್ಡ್ ಕಂಪ್ಯೂಟರ್, ಮೂರು ಕಡೆಯೂ ಓಡಿಸಿದೆ.

ಮೊದಲೇ ಒಂದು ಮಾತು. ಮೂರೂ ಕಂಪೈಲ್ ಆಗುತ್ತವೆ. ಜಿಸಿಸಿ ಕಂಪೈಲರ್ ಮತ್ತು ಬಿಲ್ಡ್ ನಡೆಸುವ ಮೇಕ್ ಇದ್ದರೆ ಅಲ್ಲಿ ದೊಡ್ಡ ತೊಂದರೆ ಏನೂ ಇಲ್ಲ. ನಿಜವಾದ ವ್ಯತ್ಯಾಸ ಗೊತ್ತಾಗುವುದು ಮೇಕ್ ಇನ್‌ಸ್ಟಾಲ್ ಆದ ಮೇಲೆ. ನಮ್ಮ ಪ್ರೋಗ್ರಾಂಗೆ ಲೈಬ್ರರಿ ಸಿಗುತ್ತದಾ? ಸಿಕ್ಕಿದ್ದು ನಾವು ಹಾಕಿದ್ದೇನಾ, ಹಳೆಯದಾ? ಬೇರೆ ಯಾವುದಾದರೂ ಫೈಲಿನ ಮೇಲೆ ಬಂದು ಕೂತಿದೆಯಾ? ಬೇಡ ಅಂದಾಗ ಪೂರ್ತಿ ತೆಗೆದುಹಾಕಲು ಆಗುತ್ತದಾ? ನಾನು ಮೂರನ್ನೂ ತೂಗಿ ನೋಡಿದ್ದು ಈ ಪ್ರಶ್ನೆಗಳಿಂದ.

ಲಿಬ್‌ಇವೆಂಟ್ ಮೂರರಲ್ಲಿ ಹಿರಿಯದು. ನೀಲ್ಸ್ ಪ್ರೊವೋಸ್ ಶುರುಮಾಡಿದ್ದು. ಟಾರ್, ಮೆಮ್‌ಕ್ಯಾಶ್‌ಡ್, ಟಿಮಕ್ಸ್ ಅನ್ನುವ ಪ್ರೋಗ್ರಾಂಗಳೆಲ್ಲ ಇದರ ಮೇಲೆಯೇ ನಿಂತಿವೆ. ನಾನು ತಂದದ್ದು 2020ರ ಜುಲೈನಲ್ಲಿ ಬಂದ 2.1.12 ಸ್ಟೇಬಲ್ ಟಾರ್‌ಬಾಲ್, ಅಂದರೆ ಸೋರ್ಸ್ ಫೈಲುಗಳ ಗಂಟು. ಬಿಚ್ಚಿದರೆ ಒಳಗೆ ಮೆಷಿನ್ ನೋಡಿ ಬಿಲ್ಡ್‌ಗೆ ಸಿದ್ಧಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ತಯಾರಾಗಿಯೇ ಇರುತ್ತದೆ. ಗಿಟ್‌ನಿಂದ ಕ್ಲೋನ್ ಮಾಡಿದರೆ ಅದು ಇರುವುದಿಲ್ಲ. ಆಗ ಆಟೋಟೂಲ್ಸ್ ಅನ್ನುವ ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಮೂರನ್ನೂ ಹಾಕಿಕೊಂಡು, ಕಾನ್ಫಿಗರ್ ತಯಾರಿಸುವ ಆಟೋಜೆನ್ ಓಡಿಸಬೇಕು. ಹೊಸಬರಿಗೆ ಟಾರ್‌ಬಾಲೇ ಒಳ್ಳೆಯದು.

ಪೈ ಮೇಲೆ ಕಾನ್ಫಿಗರ್ ಅರ್ಧಕ್ಕೇ ನಿಂತಿತು. ಓಪನ್ಎಸ್ಎಸ್ಎಲ್ ಬೇಕೇ ಬೇಕು, ಸಿಗುತ್ತಿಲ್ಲ ಅಂತ ಹೇಳಿತು. ಇದನ್ನು ನೋಡಿ ಗಾಬರಿಯಾಗಬೇಕಿಲ್ಲ. ಓಪನ್ಎಸ್ಎಸ್ಎಲ್ ಸಿಸ್ಟಮ್‌ನಲ್ಲಿ ಇದ್ದೇ ಇರುತ್ತದೆ, ಇಲ್ಲದಿರುವುದು ಅದರ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ತಿಳಿಸುವ ಹೆಡರ್ ಫೈಲುಗಳು. ಡೆಬಿಯನ್ ಕಡೆಯವರು ಲಿಬ್‌ಎಸ್‌ಎಸ್‌ಎಲ್-ಡೆವ್, ಫೆಡೋರಾದವರು ಓಪನ್‌ಎಸ್‌ಎಸ್‌ಎಲ್-ಡೆವೆಲ್ ಹಾಕಿಕೊಂಡರೆ ಮುಂದೆ ಹೋಗುತ್ತದೆ. ಟಿಎಲ್ಎಸ್ (ಕನೆಕ್ಷನ್‌ನ ಎನ್‌ಕ್ರಿಪ್ಶನ್) ಬೇಡವೇ ಬೇಡ ಅನ್ನುವವರು ಡಿಸೇಬಲ್-ಓಪನ್‌ಎಸ್‌ಎಸ್‌ಎಲ್ ಆಯ್ಕೆ ಕೊಡಬಹುದು. ಈ ನಡವಳಿಕೆ ನನಗೆ ತುಂಬ ಹಿಡಿಸಿತು. ಎಷ್ಟೋ ಲೈಬ್ರರಿಗಳು ಬೇಕಾದದ್ದು ಸಿಗದಿದ್ದರೆ ಮಾತಾಡದೆ ಆ ಭಾಗವನ್ನು ಬಿಟ್ಟು ಬಿಲ್ಡ್ ಮುಗಿಸುತ್ತವೆ. ವಾರ ಕಳೆದ ಮೇಲೆ ಲಿಂಕ್ ಮಾಡಲು ಹೋದಾಗ ಅದು ಗೊತ್ತಾಗುತ್ತದೆ. ಲಿಬ್‌ಇವೆಂಟ್ ಬಾಗಿಲಲ್ಲೇ ಹೇಳಿಬಿಡುತ್ತದೆ.

ಇನ್‌ಸ್ಟಾಲ್ ಆದಾಗ ಒಂದು ಲೈಬ್ರರಿ ಬರುವುದಿಲ್ಲ, ಐದು ಬರುತ್ತವೆ. ಕೋರ್, ಎಕ್ಸ್‌ಟ್ರಾ, ಪಿಥ್ರೆಡ್ಸ್, ಓಪನ್‌ಎಸ್‌ಎಸ್‌ಎಲ್, ಇವುಗಳ ಜೊತೆ ಹಳೆಯ ಪ್ರೋಗ್ರಾಂಗಳಿಗೋಸ್ಕರ ಕೋರ್ ಮತ್ತು ಎಕ್ಸ್‌ಟ್ರಾ ಎರಡನ್ನೂ ಸೇರಿಸಿದ ಲಿಬ್‌ಇವೆಂಟ್ ಅನ್ನುವುದೇ ಒಂದು. ಹೊಸದಾಗಿ ಬರೆಯುವವರು ಆ ಸೇರಿಸಿದ್ದನ್ನು ಮುಟ್ಟಬೇಕಿಲ್ಲ. ಸಾಕೆಟ್ ಮತ್ತು ಬಫರ್ ಕೆಲಸಕ್ಕೆ ಕೋರ್ ಸಾಕು. ಎಚ್‌ಟಿಟಿಪಿ ಅಥವಾ ಡಿಎನ್ಎಸ್ ಬೇಕಾದರೆ ಎಕ್ಸ್‌ಟ್ರಾ ಸೇರಿಸಿಕೊಳ್ಳಿ. ಪ್ರತಿಯೊಂದಕ್ಕೂ ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್ ಫೈಲ್ ಇರುವುದರಿಂದ ಮೇಕ್‌ಫೈಲ್‌ನಲ್ಲಿ ಪಾತ್ ಕೈಯಲ್ಲಿ ಬರೆಯುವ ಗೋಜು ಇಲ್ಲ.

ಇದರ ಟೆಸ್ಟ್‌ಗಳ ಬಗ್ಗೆ ಹೇಳಲೇಬೇಕು. ಮೇಕ್ ವೆರಿಫೈ ಅಂತ ಕೊಟ್ಟರೆ ಇಪೋಲ್ ಒಂದನ್ನೇ ಪರೀಕ್ಷಿಸಿ ಸುಮ್ಮನಾಗುವುದಿಲ್ಲ. ಉಳಿದವನ್ನೆಲ್ಲ ಆಫ್ ಮಾಡಿ ಇಪೋಲ್, ಆಮೇಲೆ ಅದೇ ಕೆಲಸದ ಹಳೆಯ ವಿಧಾನಗಳಾದ ಪೋಲ್, ಆಮೇಲೆ ಸೆಲೆಕ್ಟ್, ಹೀಗೆ ಒಂದೊಂದರ ಮೇಲೂ ಅದೇ ಪರೀಕ್ಷೆಗಳನ್ನು ಮತ್ತೆ ಓಡಿಸುತ್ತದೆ. ಲಿನಕ್ಸ್‌ನಲ್ಲಿ ಇಲ್ಲದ ಕೆಕ್ಯೂ ಅನ್ನುವ ವಿಧಾನ ಬಂದಾಗ ಬಿಟ್ಟು ಮುಂದೆ ಹೋಗುತ್ತದೆ. ಪ್ರತಿ ಸಾಲಿನ ಕೊನೆಗೆ ಓಕೆ ಅಂತ ಬೀಳುತ್ತಾ ಹೋಗುತ್ತದೆ. ಪೈ ಮೇಲೆ ಇದಕ್ಕೆ ಸಾಕಷ್ಟು ಹೊತ್ತು ಬೇಕು, ಆದರೆ ಮುಗಿದ ಮೇಲೆ ಸಿಗುವ ನೆಮ್ಮದಿಗೆ ಆ ಕಾಯುವಿಕೆ ದುಬಾರಿ ಅಲ್ಲ.

ಲಿಬ್‌ಇವಿ ಬರೆದದ್ದು ಮಾರ್ಕ್ ಲೇಮನ್. 4.33 ಬಂದದ್ದು 2020ರ ಮಾರ್ಚ್‌ನಲ್ಲಿ. ಕಾನ್ಫಿಗರ್, ಮೇಕ್, ಅಷ್ಟೇ. ಯಾವ ಹೊರಗಿನ ಲೈಬ್ರರಿಯನ್ನೂ ಕೇಳುವುದಿಲ್ಲ. ಪೈ ಮೇಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ ಅಂತಲೇ ಹೇಳಬಹುದು. ಕಂಪೈಲ್ ಆಗುವಾಗ ಸ್ಟ್ರಿಕ್ಟ್ ಅಲಿಯಾಸಿಂಗ್ ಬಗ್ಗೆ ಒಂದಿಷ್ಟು ವಾರ್ನಿಂಗ್ ಬರುತ್ತವೆ. ಅವುಗಳಿಗೆ ಹೆದರಬೇಕಿಲ್ಲ ಅಂತ ಮ್ಯಾನುಯಲ್‌ನಲ್ಲೇ ಇದೆ. ಆ ಮ್ಯಾನುಯಲ್ ತುಂಬ ಉದ್ದ, ತುಂಬ ಪ್ರಾಮಾಣಿಕ. ಎಲ್ಲಿ ಇದು ಕೈಕೊಡುತ್ತದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಟೆಸ್ಟ್ ಮಾತ್ರ ಇಲ್ಲ. ಮೇಕ್ ಚೆಕ್ ಕೊಟ್ಟರೆ ಓಡಿಸಲು ಏನೂ ಇರುವುದಿಲ್ಲ. ಪಿಕೆಜಿ-ಕಾನ್ಫಿಗ್ ಫೈಲೂ ಮೂಲ ಸೋರ್ಸ್‌ನಲ್ಲಿ ಇಲ್ಲ. ಪಾತ್‌ಗಳನ್ನು ನಾವೇ ಕೊಡಬೇಕು.

ಆದರೆ ಇದರ ಜೊತೆ ಬರುವ ಒಂದು ಫೈಲ್ ಮೇಲೆ ಕಣ್ಣಿಡಿ. ಲಿಬ್‌ಇವಿ ಹಳೆಯ ಲಿಬ್‌ಇವೆಂಟ್ ಪ್ರೋಗ್ರಾಂಗಳೂ ತನ್ನ ಮೇಲೆ ಓಡಲಿ ಅಂತ ಇವೆಂಟ್ ಡಾಟ್ ಎಚ್ ಅನ್ನುವ ಹೆಡರ್ ಕೊಡುತ್ತದೆ. ಲಿಬ್‌ಇವೆಂಟ್ ಕೂಡ ಅದೇ ಹೆಸರಿನ ಹೆಡರ್ ಹಾಕುತ್ತದೆ. ಎರಡನ್ನೂ ಪ್ರಿಫಿಕ್ಸ್ (ಎಲ್ಲಿ ಹಾಕಬೇಕು ಅನ್ನುವ ಫೋಲ್ಡರ್) ಬದಲಿಸದೆ ಹಾಕಿದರೆ ಎರಡೂ ಹೋಗಿ ಕೂರುವುದು ಯುಎಸ್ಆರ್ ಲೋಕಲ್‌ನ ಇನ್‌ಕ್ಲೂಡ್ ಫೋಲ್ಡರ್‌ಗೇ. ಆಮೇಲೆ ಹಾಕಿದ್ದು ಮೊದಲಿನದನ್ನು ಅಳಿಸುತ್ತದೆ. ಯಾರೂ ಎಚ್ಚರಿಸುವುದಿಲ್ಲ, ಇನ್‌ಸ್ಟಾಲ್ ಯಶಸ್ವಿ ಅಂತಲೇ ಕಾಣುತ್ತದೆ. ಇವೆಂಟ್2 ಫೋಲ್ಡರ್‌ನ ಹೊಸ ಹೆಡರ್‌ಗಳನ್ನು ಬಳಸುವ ಪ್ರೋಗ್ರಾಂಗೆ ಏನೂ ಆಗುವುದಿಲ್ಲ. ಹಳೆಯ ಶೈಲಿಯಲ್ಲಿ ಬರೆದ ಪ್ರೋಗ್ರಾಂ ಕಂಪೈಲ್ ಮಾಡಿದರೆ ಬಫರ್ ಫಂಕ್ಷನ್‌ಗಳು ಗೊತ್ತೇ ಇಲ್ಲ ಅನ್ನುವ ಎರರ್‌ಗಳು ಸಾಲಾಗಿ ಬರುತ್ತವೆ. ಯಾಕೆಂದರೆ ಲಿಬ್‌ಇವಿಯ ಹೆಡರ್‌ನಲ್ಲಿ ಅವು ಇಲ್ಲ. ಡೆಬಿಯನ್‌ನವರು ಇದನ್ನು ತಿಳಿದೇ ಆ ಹೆಡರನ್ನು ಬೇರೆ ಪ್ಯಾಕೇಜ್ ಮಾಡಿಟ್ಟಿದ್ದಾರೆ. ಸೋರ್ಸ್‌ನಿಂದ ಹಾಕುವವರಿಗೆ ಆ ರಕ್ಷಣೆ ಇಲ್ಲ.

ಇದಕ್ಕೆ ಪರಿಹಾರವನ್ನೂ ಲಿಬ್‌ಇವಿಯೇ ಇಟ್ಟುಕೊಂಡಿದೆ: ಇನ್‌ಸ್ಟಾಲ್ ಮಾಡಲೇಬೇಡಿ! ಇವಿ ಡಾಟ್ ಸಿ ಮತ್ತು ಅದರ ಜೊತೆಯ ಕೆಲವೇ ಫೈಲುಗಳನ್ನು ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ಗೆ ಕಾಪಿ ಮಾಡಿ. ಇವಿ ಸ್ಟ್ಯಾಂಡ್‌ಅಲೋನ್ ಅನ್ನುವ ಮ್ಯಾಕ್ರೋಗೆ 1 ಕೊಟ್ಟು, ಇವಿ ಡಾಟ್ ಸಿಯನ್ನು ನಿಮ್ಮ ಒಂದು ಫೈಲಿನೊಳಗೆ ಇನ್‌ಕ್ಲೂಡ್ ಮಾಡಿ. ಕಾನ್ಫಿಗರೇ ಬೇಕಿಲ್ಲ. ಪೈಥಾನ್‌ನ ಜೀಇವೆಂಟ್ ಕೂಡ ಲಿಬ್‌ಇವಿಯ ಸೋರ್ಸನ್ನು ತನ್ನ ಜೊತೆಗೇ ಇಟ್ಟುಕೊಂಡು ಬರುತ್ತದೆ. ಪೈ ಮೇಲಿನ ನನ್ನ ಎಕೋ ಸರ್ವರ್ ಕೊನೆಗೆ ನಿಂತದ್ದು ಈ ರೀತಿಯಲ್ಲೇ. ಒಂದೇ ಬೈನರಿ, ಬೇರೆ ಮೆಷಿನ್‌ನಲ್ಲಿ ಬಿಲ್ಡ್ ಮಾಡಲು ಫೋಲ್ಡರ್ ಕಾಪಿ ಮಾಡಿದರೆ ಸಾಕು. ಇದಕ್ಕಿಂತ ಸರಳವಾದ ಇನ್‌ಸ್ಟಾಲ್ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಆದರೆ ಡಿಎನ್ಎಸ್, ಟಿಎಲ್ಎಸ್, ಬಫರ್ ಯಾವುದೂ ಲಿಬ್‌ಇವಿಯಲ್ಲಿ ಇಲ್ಲ. ವಿಂಡೋಸ್‌ನಲ್ಲಂತೂ ಸೆಲೆಕ್ಟ್ ಮೇಲೆ ಕುಂಟುತ್ತಾ ಓಡುತ್ತದೆ.

ವಿಂಡೋಸ್‌ನ ಆ ಕೊರತೆಯಿಂದಲೇ ಲಿಬ್‌ಯುವಿ ಹುಟ್ಟಿತು. ನೋಡ್ ಜೆಎಸ್ ಶುರುವಿನಲ್ಲಿ ಲಿಬ್‌ಇವಿ ಮೇಲೆಯೇ ಓಡುತ್ತಿತ್ತು. 2011ರಲ್ಲಿ ವಿಂಡೋಸ್‌ಗೂ ನೋಡ್ ತರಬೇಕು ಅಂತಾದಾಗ, ಯುನಿಕ್ಸ್‌ನಲ್ಲಿ ಲಿಬ್‌ಇವಿ, ವಿಂಡೋಸ್‌ನಲ್ಲಿ ಅದರದೇ ವಿಧಾನವಾದ ಐಒಸಿಪಿ, ಎರಡರ ಮೇಲೂ ಒಂದು ಪದರ ಕಟ್ಟಿದರು. ಅದೇ ಲಿಬ್‌ಯುವಿ. ನೋಡ್ 0.9ರ ಹೊತ್ತಿಗೆ ಒಳಗಿದ್ದ ಲಿಬ್‌ಇವಿಯನ್ನು ಪೂರ್ತಿ ತೆಗೆದುಹಾಕಿದರು. ಈಗ ನಿಯೋವಿಮ್, ಜೂಲಿಯಾ ಕೂಡ ಇದನ್ನೇ ಬಳಸುತ್ತವೆ.

ಬಿಲ್ಡ್ ಮಾಡಲು ಎರಡು ದಾರಿ ಇವೆ. ಆಟೋಟೂಲ್ಸ್ ದಾರಿಯಲ್ಲಿ ಮೊದಲು ಆಟೋಜೆನ್ ಓಡಿಸಬೇಕು. ನಾನು ತಂದ ಟಾರ್‌ಬಾಲ್‌ನಲ್ಲಿ ತಯಾರಾದ ಕಾನ್ಫಿಗರ್ ಇರಲಿಲ್ಲ. ಸಿಮೇಕ್ ಅನ್ನುವ ಇನ್ನೊಂದು ಬಿಲ್ಡ್ ಉಪಕರಣದ ದಾರಿಯಲ್ಲಿ ಆಟೋಟೂಲ್ಸ್‌ನ ಆ ಮೂರರ ಹಂಗಿಲ್ಲ. ಬಿಲ್ಡ್ ಅಂತ ಒಂದು ಫೋಲ್ಡರ್ ಮಾಡಿ, ಒಳಗಿನಿಂದ ಸಿಮೇಕ್ ಕರೆದರೆ ಆಯಿತು. ಓಡುವಾಗ ಹೊರಗಿನಿಂದ ಲೋಡ್ ಆಗುವ ಶೇರ್ಡ್ ಲೈಬ್ರರಿ, ಪ್ರೋಗ್ರಾಂ ಒಳಗೇ ಸೇರಿಹೋಗುವ ಸ್ಟ್ಯಾಟಿಕ್ ಲೈಬ್ರರಿ ಎರಡೂ ಒಂದೇ ಸಲ ತಯಾರಾಗುತ್ತವೆ, ಎರಡಕ್ಕೂ ಬೇರೆಬೇರೆ ಪಿಕೆಜಿ-ಕಾನ್ಫಿಗ್ ಫೈಲ್ ಬರುತ್ತದೆ. ಓಪನ್ಎಸ್ಎಸ್ಎಲ್ ಕೇಳುವುದಿಲ್ಲ, ಟಿಎಲ್ಎಸ್ ಇದರಲ್ಲೂ ಇಲ್ಲ. ಡಿಎನ್ಎಸ್ ಮತ್ತು ಫೈಲ್ ಕೆಲಸಕ್ಕೆ ಒಳಗೆ ಥ್ರೆಡ್ ಪೂಲ್ ಇದೆ, ಮಾಮೂಲಾಗಿ 4 ಥ್ರೆಡ್.

ಟೆಸ್ಟ್‌ಗಳು ಇದರಲ್ಲಿ ರಾಶಿ ಇವೆ. ನಿಧಾನದ ಮೆಷಿನ್‌ನಲ್ಲಿ ಕೆಲವು ಟೈಮ್ಔಟ್ ಆಗಿ ಬೀಳುತ್ತವೆ. ಪೈ ಮೇಲೆ ನನಗೂ ಹಾಗೇ ಆಯಿತು. ಅದು ಲೈಬ್ರರಿಯ ದೋಷ ಅಲ್ಲ, ಗಡುವಿನ ದೋಷ. ಟೆಸ್ಟ್ ಟೈಮ್ಔಟ್ ಮಲ್ಟಿಪ್ಲೈಯರ್ ಅನ್ನುವ ಎನ್ವಿರಾನ್ಮೆಂಟ್ ವೇರಿಯೇಬಲ್‌ಗೆ 2 ಕೊಟ್ಟು ಮತ್ತೆ ಓಡಿಸಿ ಅಂತ ರೀಡ್‌ಮಿಯಲ್ಲೇ ಇದೆ. ಕೊಟ್ಟ ಮೇಲೆ ಸರಿಹೋಯಿತು.

ಇನ್ನು ಇನ್‌ಸ್ಟಾಲ್ ಆದ ಮೇಲಿನ ಕಥೆ. ಎಲ್ಲ ಸರಿಯಾಗಿ ಲಿಂಕ್ ಆಗುತ್ತದೆ. ಓಡಿಸಿದರೆ ಲಿಬ್‌ಯುವಿ ಡಾಟ್ ಎಸ್ಓ ಡಾಟ್ 1 ತೆರೆಯಲು ಆಗುತ್ತಿಲ್ಲ, ಅಂಥ ಫೈಲೇ ಇಲ್ಲ ಅನ್ನುತ್ತದೆ. ಫೈಲ್ ಕಣ್ಣ ಮುಂದೆಯೇ ಇರುತ್ತದೆ. ಉಬುಂಟುನಲ್ಲಿ ಇದಕ್ಕೆ ಎಲ್‌ಡಿಕಾನ್ಫಿಗ್ ಒಂದು ಸಲ ಓಡಿಸಿದರೆ ಸಾಕು. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿ ತರುವ ಲೋಡರ್ ಹುಡುಕುವ ಜಾಗಗಳ ಪಟ್ಟಿಯಲ್ಲಿ ಯುಎಸ್ಆರ್ ಲೋಕಲ್ ಲಿಬ್ ಮೊದಲೇ ಇದೆ, ಹೊಸ ಫೈಲ್ ಬಂದದ್ದು ಅದರ ಕ್ಯಾಶ್‌ಗೆ ಗೊತ್ತಿಲ್ಲ ಅಷ್ಟೇ. ನನ್ನ ಫೆಡೋರಾದಲ್ಲಿ ಆ ಜಾಗವೇ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿ ಇನ್ನೊಂದು ತೊಡಕೂ ಇದೆ. ಅದೇ ಲಿಬ್‌ಯುವಿಯನ್ನು ಆಟೋಟೂಲ್ಸ್‌ನಿಂದ ಹಾಕಿದರೆ ಲಿಬ್ ಫೋಲ್ಡರ್‌ಗೆ ಹೋಗುತ್ತದೆ, ಸಿಮೇಕ್‌ನಿಂದ ಹಾಕಿದರೆ ಲಿಬ್64ಕ್ಕೆ. ಒಮ್ಮೆ ಹೀಗೆ, ಒಮ್ಮೆ ಹಾಗೆ ಹಾಕಿದರೆ ಎರಡು ಪ್ರತಿ ಉಳಿಯುತ್ತವೆ. ಯಾವುದು ಲೋಡ್ ಆಗುತ್ತಿದೆ ಅಂತ ತಿಳಿಯಲು ಎಲ್‌ಡಿಡಿ ಕೊಟ್ಟು ನೋಡಿ. ಊಹೆ ಮಾಡುತ್ತಾ ಕೂರಬೇಡಿ.

ಹಾಗಾಗಿ ನಾನು ಈಗ ಸೋರ್ಸ್‌ನಿಂದ ಹಾಕುವ ಯಾವುದನ್ನೂ ಯುಎಸ್ಆರ್ ಲೋಕಲ್‌ಗೆ ಬಿಡುವುದಿಲ್ಲ. ಪ್ರಿಫಿಕ್ಸ್ ಕೊಟ್ಟು ಹೋಮ್ ಫೋಲ್ಡರ್ ಒಳಗೆ ಲೈಬ್ರರಿಗೊಂದು, ಆವೃತ್ತಿಗೊಂದು ಜಾಗ. ಪಿಕೆಜಿ-ಕಾನ್ಫಿಗ್ ಪಾತ್‌ಗೆ ಅದನ್ನು ಸೇರಿಸಿ, ಲಿಂಕ್ ಮಾಡುವಾಗಲೇ ಆರ್‌ಪಾತ್ (ಲೈಬ್ರರಿಯನ್ನು ಎಲ್ಲಿ ಹುಡುಕಬೇಕು ಅಂತ ಪ್ರೋಗ್ರಾಂ ಒಳಗೇ ಬರೆದಿಡುವ ಜಾಗ) ಕೊಟ್ಟುಬಿಡುತ್ತೇನೆ. ಸುಡೋ ಬೇಡ, ಹೆಡರ್ ಜಗಳ ಇಲ್ಲ, ತೆಗೆಯಬೇಕು ಅಂದರೆ ಆ ಫೋಲ್ಡರ್ ಡಿಲೀಟ್ ಮಾಡಿದರೆ ಮುಗಿಯಿತು. ಈ ಕೊನೆಯದು ಸಣ್ಣ ಸಂಗತಿ ಅಲ್ಲ. ಆಟೋಟೂಲ್ಸ್‌ನಲ್ಲಿ ಮೇಕ್ ಅನ್‌ಇನ್‌ಸ್ಟಾಲ್ ಇದೆ, ಆದರೆ ಬಿಲ್ಡ್ ಮಾಡಿದ ಫೋಲ್ಡರ್ ಉಳಿಸಿಕೊಂಡಿರಬೇಕು. ಲಿಬ್‌ಯುವಿಯನ್ನು ಸಿಮೇಕ್‌ನಿಂದ ಹಾಕಿದರೆ ಅದೂ ಇಲ್ಲ. ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಅನ್ನುವ ಟೆಕ್ಸ್ಟ್ ಫೈಲಿನಲ್ಲಿ ಪಟ್ಟಿ ಸಿಗುತ್ತದೆ, ಅದನ್ನು ನೋಡಿ ಒಂದೊಂದಾಗಿ ತೆಗೆಯಬೇಕು.

ಹೊಸ ಸರ್ವರ್ ಪ್ರೋಗ್ರಾಂಗೆ ನಾನು ಆರಿಸುವುದು ಲಿಬ್‌ಯುವಿ, ಸಿಮೇಕ್ ದಾರಿ, ಸ್ಟ್ಯಾಟಿಕ್ ಲಿಂಕ್. ಆ ಉಬುಂಟು ಸರ್ವರ್‌ನಲ್ಲಿ ಅದೇ ಇದೆ. ಸಿಸ್ಟಮ್‌ನ 1.34 ತನ್ನ ಪಾಡಿಗೆ ತಾನಿದೆ, ನನ್ನ ಪ್ರೋಗ್ರಾಂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಟಿಎಲ್ಎಸ್, ಎಚ್‌ಟಿಟಿಪಿ ಎರಡೂ ಒಂದೇ ಕಡೆ ಬೇಕು ಅನ್ನುವವರು ಲಿಬ್‌ಇವೆಂಟ್ ಹಾಕಿ, ವೆರಿಫೈ ಓಡಿಸದೆ ಮುಂದೆ ಹೋಗಬೇಡಿ. ಚಿಕ್ಕ ಬೋರ್ಡ್ ಮೇಲೆ ಸಾಕೆಟ್ ಮತ್ತು ಟೈಮರ್ ಬಿಟ್ಟು ಬೇರೇನೂ ಬೇಡ ಅನ್ನುವವರಿಗೆ ಲಿಬ್‌ಇವಿಯ ಫೈಲುಗಳನ್ನು ಕಾಪಿ ಮಾಡಿಕೊಳ್ಳುವುದೇ ಸರಿ.