ಫ್ಲ್ಯಾಗ್ ಟ್ಯಾಗಿಗೆ ಯಾವ ಪ್ರತಿಕಾಯ: ನನ್ನ ಮತ ನೇರ ಎಚ್‌ಆರ್‌ಪಿಗೆ
ಫ್ಲ್ಯಾಗ್ ಎಂಬ ಗುರುತಿನ ತುಣುಕು (ಟ್ಯಾಗ್) ಜೋಡಿಸಿದ ಪ್ರೋಟೀನನ್ನು ತೂಕದ ಪ್ರಕಾರ ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ಟ್ರಾನ್ಸ್‌ಫರ್ ಮಾಡಿ, ಪ್ರತಿಕಾಯದಿಂದ ಹುಡುಕುವ ವೆಸ್ಟರ್ನ್ ಬ್ಲಾಟ್ ನನ್ನ ಕೆಲಸ. ನನ್ನ ಪ್ರೋಟೀನಿನ ತೂಕ 52 ಕಿಲೋಡಾಲ್ಟನ್ (ಅಣುತೂಕದ ಮಾನ) ಆಗಿರದಿದ್ದರೆ ಬೆಂಗಳೂರಿನ ಈ ಲ್ಯಾಬಿನಲ್ಲಿ ನಾನು ಎಚ್‌ಆರ್‌ಪಿ ಎಂಬ ಬೆಳಕಿನ ಸಂಕೇತ ಹುಟ್ಟಿಸುವ ಕಿಣ್ವವನ್ನು ನೇರವಾಗಿ ಜೋಡಿಸಿದ ಆಂಟಿ-ಫ್ಲ್ಯಾಗ್ ಎಂ2 ಪ್ರತಿಕಾಯವನ್ನು ಕೊಳ್ಳುತ್ತಲೇ ಇರಲಿಲ್ಲ. ಅದುವರೆಗೆ ಇಲಿಯ ಸಾದಾ ಎಂ2 (ಪ್ರೈಮರಿ), ಅದರ ಮೇಲೆ ಎಚ್‌ಆರ್‌ಪಿ ಹೊತ್ತ ಆಂಟಿ-ಮೌಸ್ ಸೆಕೆಂಡರಿ (ಇಲಿಯ ಪ್ರತಿಕಾಯವನ್ನು ಹಿಡಿಯುವ ಎರಡನೆಯ ಪ್ರತಿಕಾಯ) ಎಂಬ ಹಳೆಯ ಜೋಡಿಯಲ್ಲೇ ಕೆಲಸ ಸಾಗುತ್ತಿತ್ತು.

ತೊಡಕಾದದ್ದು ಇಮ್ಯುನೊಪ್ರೆಸಿಪಿಟೇಶನ್ ಮಾಡಿದಾಗ, ಅಂದರೆ ಪ್ರತಿಕಾಯ ಅಂಟಿಸಿದ ಸಣ್ಣ ಮಣಿಗಳಿಂದ (ಬೀಡ್) ಪ್ರೋಟೀನನ್ನು ಹಿಡಿದು ತೆಗೆದಾಗ. ಎಂ2 ಬೀಡ್‌ಗಳನ್ನು ಕುದಿಸಿದರೆ ಪ್ರೋಟೀನಿನ ಜೊತೆ ಬೀಡಿನ ಪ್ರತಿಕಾಯವೂ ಕಳಚಿ ಬರುತ್ತದೆ. ಅದರ ಭಾರ ಸರಪಳಿ ಸುಮಾರು 50 ಕಿಲೋಡಾಲ್ಟನ್, ಹಗುರ ಸರಪಳಿ ಸುಮಾರು 25. ಸೆಕೆಂಡರಿಗೆ ಇಲಿಯ ಪ್ರತಿಕಾಯವೆಲ್ಲ ಒಂದೇ ಆದ್ದರಿಂದ, ಖಾಲಿ ವೆಕ್ಟರ್ ಹಾಕಿದ, ಅಂದರೆ ನನ್ನ ಪ್ರೋಟೀನೇ ಇಲ್ಲದ ಮಾದರಿಯ ಲೇನಿನಲ್ಲಿಯೂ 52ರ ಹತ್ತಿರವೇ ಇದ್ದಿಲಿನಿಂದ ಗೀಚಿದಂಥ ಬ್ಯಾಂಡ್ ಬಂತು. "ಇದು ನಿಮ್ಮ ಪ್ರೋಟೀನೋ, ಇಲಿಯದೋ?" ಎಂದು ಮೇಡಂ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನೇರ ಎಚ್‌ಆರ್‌ಪಿ ಹಿಡಿಯುವುದು ಎಂಟು ಅಮೈನೋ ಆಮ್ಲಗಳ ಫ್ಲ್ಯಾಗ್ ತುಣುಕನ್ನು ಮಾತ್ರ. ಅದನ್ನು ಹಾಕಿದ ಮೊದಲ ದಿನವೇ ಖಾಲಿ ಲೇನು ಖಾಲಿಯಾಗಿಯೇ ಉಳಿಯಿತು.

ಆದರೆ ಎರಡನೆಯ ವಾರದಲ್ಲಿ ಬ್ಯಾಂಡ್ ಮಸುಕಾಯಿತು, ಮೂರನೆಯ ವಾರದಲ್ಲಿ ಮಾಯವಾಯಿತು. ಟ್ರಾನ್ಸ್‌ಫರ್ ಕೆಟ್ಟಿತೇನೋ ಎಂದು ಎಲ್ಲ ಪ್ರೋಟೀನನ್ನೂ ತೋರಿಸುವ ಪಾನ್ಸೋ ಬಣ್ಣ ಹಾಕಿ ನೋಡಿದರೆ ಕೆಂಪು ಪಟ್ಟಿಗಳೆಲ್ಲ ಸರಿಯಾಗಿದ್ದವು. ಎಚ್‌ಆರ್‌ಪಿ ತಾಕಿದರೆ ಬೆಳಗುವ ಇಸಿಎಲ್ ದ್ರಾವಣ ಬದಲಿಸಿದರೂ ಫಲವಿಲ್ಲ. ಕೊನೆಗೆ ಡಾರ್ಕ್‌ರೂಮಿನಲ್ಲಿ ಪ್ಯಾರಾಫಿಲ್ಮ್ ಮೇಲೆ ಇಸಿಎಲ್‌ನ ಎರಡು ಹನಿಗಳನ್ನಿಟ್ಟು, ಒಂದಕ್ಕೆ ಹೊಸದಾಗಿ ತೆಳುಮಾಡಿದ ಪ್ರತಿಕಾಯ, ಇನ್ನೊಂದಕ್ಕೆ ಫ್ರಿಜ್ಜಿನಲ್ಲಿಟ್ಟಿದ್ದ ಹಳೆಯದು ಸೇರಿಸಿದೆ. ಹೊಸದು ನೀಲಿಯಾಗಿ ಮಿನುಗಿತು. ಹಳೆಯದು ಕತ್ತಲಲ್ಲೇ ಉಳಿಯಿತು.

ತಪ್ಪು ನನ್ನದೇ. ಸಾದಾ ಪ್ರೈಮರಿಗೆ ಬೂಸಲು ಬಾರದಿರಲೆಂದು 0.02% ಸೋಡಿಯಂ ಅಜೈಡ್ ಹಾಕಿ ಐದಾರು ಸಲ ಬಳಸುವ ರೂಢಿ ನನಗೆ. ಇದಕ್ಕೂ ಹಾಗೆಯೇ ಹಾಕಿಟ್ಟಿದ್ದೆ. ಅಲ್ಲಿ ಸೆಕೆಂಡರಿ ಬರುವ ಹೊತ್ತಿಗೆ ಅಜೈಡ್ ತೊಳೆದುಹೋಗಿರುತ್ತದೆ. ಇಲ್ಲಿ ಕಿಣ್ವ ಪ್ರತಿಕಾಯಕ್ಕೇ ಅಂಟಿಕೊಂಡಿದೆ, ಅಜೈಡ್ ಅದನ್ನೇ ಕೆಡಿಸುತ್ತದೆ. ಹಾಗಾಗಿ ಪ್ರತಿ ಸಲವೂ ಹೊಸದಾಗಿ ತೆಳುಮಾಡಬೇಕು, ಬಾಟಲಿ ಬೇಗ ಖಾಲಿಯಾಗುತ್ತದೆ. ಈಗ ಡಬ್ಬಿಯಲ್ಲಿ ಹತ್ತು ಮಿಲಿಲೀಟರ್ ಸುರಿಯುವ ಬದಲು ಮೆಂಬ್ರೇನನ್ನು ಬೇಕಾದಷ್ಟೇ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿ ಎರಡು ಮಿಲಿಲೀಟರಿನಲ್ಲಿ ಮುಗಿಸುತ್ತೇನೆ.

ಮಂದ ಸಂಕೇತದ ಮಾದರಿಗೆ ಹಳೆಯ ಜೋಡಿಯೇ ಮೇಲು, ಏಕೆಂದರೆ ಒಂದು ಪ್ರೈಮರಿಯ ಮೇಲೆ ಹಲವು ಸೆಕೆಂಡರಿಗಳು ಕೂರುತ್ತವೆ. ಅಲ್ಕಲೈನ್ ಫಾಸ್ಫಟೇಸ್ ಜೋಡಿಸಿದ ಸೆಕೆಂಡರಿಯನ್ನೂ ಒಮ್ಮೆ ನೋಡಿದೆ: ಇಮೇಜರ್ ಇಲ್ಲದೆಯೇ ಮೆಂಬ್ರೇನಿನ ಮೇಲೆ ನೇರಳೆ ಬಣ್ಣ ಬರುತ್ತದೆ, ಆದರೆ ಫಾಸ್ಫೇಟ್ ಆ ಕಿಣ್ವವನ್ನು ತಡೆಯುವುದರಿಂದ ಫಾಸ್ಫೇಟ್ ಇರುವ ಪಿಬಿಎಸ್ ಬಫರೇ ತುಂಬಿರುವ ನಮ್ಮ ಲ್ಯಾಬಿಗೆ ಅದು ಹೊಂದಲಿಲ್ಲ.

ನೇರ ಎಚ್‌ಆರ್‌ಪಿಯಲ್ಲಿ ಸೆಕೆಂಡರಿಯ ಒಂದು ಗಂಟೆ ಮತ್ತು ಮೂರು ತೊಳೆತ ತಪ್ಪಿದ್ದರಿಂದ ಹೆಬ್ಬಾಳದ ಟ್ರಾಫಿಕ್ ಜಾಮ್ ಶುರುವಾಗುವ ಮೊದಲೇ ಬಸ್ ಹಿಡಿಯುತ್ತೇನೆ. ಲೈಸೇಟಿನ (ಕೋಶ ಒಡೆದು ಪಡೆದ ದ್ರವದ) ದಿನನಿತ್ಯದ ಪರೀಕ್ಷೆಗೆ ಎಲ್ಲರೂ ಹಂಚಿಕೊಳ್ಳುವ ಸೆಕೆಂಡರಿ ಬಾಟಲಿ ಸಾಕು. ಮಾರ್ಚ್‌ಗೆ ಮೊದಲು ಕಳಿಸಬೇಕಾದ ಇಂಡೆಂಟಿನಲ್ಲಿ ಇಮ್ಯುನೊಪ್ರೆಸಿಪಿಟೇಶನ್ನಿಗೆಂದು ನೇರ ಎಚ್‌ಆರ್‌ಪಿಯ ಒಂದು ಬಾಟಲಿ ಬರೆದಿದ್ದೇನೆ. ಈಗಿರುವ ಬಾಟಲಿಯ ಡಬ್ಬಿಯ ಮೇಲೆ "ಅಜೈಡ್ ಹಾಕಬೇಡಿ" ಎಂದು ಕೆಂಪು ಮಾರ್ಕರಿನಲ್ಲಿ ಬರೆದು ಅಂಟಿಸಿದ್ದೇನೆ.